ಬೆವರು ಯಾರದು, ಹಣ ಯಾರದು

ಬೀಚನಹಳ್ಳಿಯಲ್ಲಿರುವ ನನ್ನ ಸೋದರಮಾವನಿಗೆ ಈಗ ಅರವತ್ತೆರಡು ವರ್ಷ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗಿ ಬಂದವರು. ಕಳೆದ ವರ್ಷ ನಾನು ಅವರಿಗೆ ಫೋನ್ ಮಾಡಿ, ಹಾಡಿಯ ಮಕ್ಕಳ ಸಂಜೆ ಪಾಠಕ್ಕೆ ಹಣ ಕೂಡಿಸಲು ಮೈಸೂರಿನಿಂದ ನಿಮ್ಮೂರಿನ ಅಣೆಕಟ್ಟೆಯವರೆಗೆ ಸೈಕಲ್ ತುಳಿದು ಬರುತ್ತೇವೆ, ಹೋಗಿಬರಲು 120 ಕಿಲೋಮೀಟರ್, ಒಂದೊಂದು ಕಿಲೋಮೀಟರಿಗೂ ಇಷ್ಟಿಷ್ಟು ಎಂದು ಸ್ನೇಹಿತರು ಕೊಡುತ್ತಾರೆ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

"ಅಲ್ಲ ಕಣವ್ವ, ದುಡ್ಡು ಕೊಡೋರು ಸುಮ್ನೆ ಕೊಡಬಾರ್ದಾ? ನೀನು ತುಳುದ್ರೇನೇ ಕೊಟ್ಟಾರಾ?"

ನಾನು ನಕ್ಕು, ಅದು ಹಾಗಲ್ಲ ಮಾವ, ಅದೊಂದು ಪ್ರೋತ್ಸಾಹ ಎಂದೇನೋ ಹೇಳಿದೆ. ಅವರೂ ನಕ್ಕರು. "ನಾನು ಇಷ್ಟು ವರ್ಷ ತುಳುದೆ, ಯಾವನೂ ಕಿಲೋಮೀಟರಿಗೆ ಹತ್ತು ರೂಪಾಯಿ ಅನ್ನಲಿಲ್ಲ" ಎಂದರು. ಅದರಲ್ಲಿ ಕೊಂಕಿರಲಿಲ್ಲ, ತಮಾಷೆಗೆ ಹೇಳಿದ ಮಾತು. ಆದರೂ ಫೋನ್ ಇಟ್ಟ ಮೇಲೆ ಆ ಪ್ರಶ್ನೆ ನನ್ನ ಜೊತೆಗೇ ಉಳಿಯಿತು. ಕೊಡುವವನ ಹಣಕ್ಕೂ ತುಳಿಯುವವಳ ಬೆವರಿಗೂ ಏನು ಸಂಬಂಧ? ನೋವಿಲ್ಲದೆ ಕೊಟ್ಟದ್ದು ಕಡಿಮೆಯೇ? ಯಾರದೋ ಕಾಲುನೋವಿನಿಂದ ಇನ್ಯಾರದೋ ದಾನಕ್ಕೆ ಬೆಲೆ ಬರುವುದು ಹೇಗೆ? ಈ ಪ್ರಶ್ನೆಗಳನ್ನು ಮೂರು ತಿಂಗಳ ತಯಾರಿಯ ಉದ್ದಕ್ಕೂ ಹೊತ್ತುಕೊಂಡೇ ತುಳಿದೆ.

ಮೊದಲು ತಯಾರಿಯ ವಿಷಯ ಹೇಳಬೇಕು. ನನ್ನ ಹೈಸ್ಕೂಲಿನ ದಿನಗಳಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. 2006-07ರಲ್ಲಿ ಶುರುವಾದ ಆ ಯೋಜನೆಯ ಫಲಾನುಭವಿಗಳಲ್ಲಿ ನಾನೂ ಒಬ್ಬಳು. ಆಮೇಲೆ ಕಾಲೇಜು, ಹಾಸ್ಟೆಲ್ಲು, ಸಂಶೋಧನೆ ಎಂದು ಹತ್ತು ವರ್ಷ ಸೈಕಲ್ ಮುಟ್ಟಿರಲಿಲ್ಲ. ಪಿಎಚ್‌.ಡಿ. ಮಾಡುವವರ ದೇಹ ಹೇಗಿರುತ್ತದೆಂಬುದು ಓದುಗರಲ್ಲಿ ಅನೇಕರಿಗೆ ಸ್ವಾನುಭವದಿಂದಲೇ ಗೊತ್ತಿರುತ್ತದೆ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಿದ್ದ ನನಗೆ ಹಾಸ್ಟೆಲಿನ ಗೆಳತಿಯೊಬ್ಬಳು ಗುರುವಾದಳು. ಅವಳು ಫುಟ್‌ಬಾಲ್ ಆಡುವವಳು. "ಸೈಕಲ್ಲಿನವರ ತರಬೇತಿ ನಿನಗೆ ಬೇಡ, ಫುಟ್‌ಬಾಲಿನವರದ್ದು ಮಾಡು. ಒಂದೂವರೆ ಗಂಟೆ ನಿಲ್ಲುವ ದೇಹ ಬಂದರೆ ಆರು ಗಂಟೆಯೂ ನಿಲ್ಲುತ್ತದೆ" ಎಂದಳು. ಇದು ಎಷ್ಟು ಸರಿಯೋ ತರಬೇತುದಾರರು ಹೇಳಬೇಕು. ನನಗಂತೂ ಸುನಿಲ್ ಛೆಟ್ರಿಯ ಹೆಸರು ಸಾಕಾಯಿತು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗಿನಿಂದ ಕಂಠೀರವ ಕ್ರೀಡಾಂಗಣದವರೆಲ್ಲ ತಮ್ಮವನೆಂದುಕೊಂಡ ಆಟಗಾರ ಅವರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ರಾಷ್ಟ್ರೀಯ ತಂಡದಿಂದ ನಿವೃತ್ತರಾದಾಗ ಅವರ ಲೆಕ್ಕದಲ್ಲಿ 151 ಪಂದ್ಯ, 94 ಗೋಲು. ಮರುವರ್ಷ ಮಾರ್ಚ್‌ನಲ್ಲಿ, ನಲವತ್ತನೇ ವಯಸ್ಸಿನಲ್ಲಿ, ಮತ್ತೆ ತಂಡಕ್ಕೆ ಬಂದು ಮಾಲ್ಡೀವ್ಸ್ ವಿರುದ್ಧ ಇನ್ನೊಂದು ಗೋಲು ಹೊಡೆದರು. ನಲವತ್ತರ ದೇಹ ಅದನ್ನು ಮಾಡುವುದಾದರೆ ಇಪ್ಪತ್ತೆಂಟರ ನನ್ನದು ಅಣೆಕಟ್ಟೆಯವರೆಗಾದರೂ ಹೋಗಬೇಕಲ್ಲ.

ಹೀಗೆ ಮಾನಸಗಂಗೋತ್ರಿಯ ಬೆಳಗುಗಳು ಬದಲಾದವು. ವಾರಕ್ಕೆರಡು ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಟ, ಒಂದು ದಿನ ಮೈದಾನದಲ್ಲಿ ಯೋ-ಯೋ, ಭಾನುವಾರ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ. ಯೋ-ಯೋ ಎಂದರೆ ನಮ್ಮಲ್ಲಿ ಕ್ರಿಕೆಟ್ ತಂಡದ ಆಯ್ಕೆ ನೆನಪಾಗುತ್ತದೆ, ಆದರೆ ಅದನ್ನು ರೂಪಿಸಿದವರು ಡೆನ್ಮಾರ್ಕಿನ ಫುಟ್‌ಬಾಲ್ ವಿಜ್ಞಾನಿ ಯೆನ್ಸ್ ಬಾಂಗ್ಸ್‌ಬೋ. ಇಪ್ಪತ್ತು ಮೀಟರ್ ಹೋಗಬೇಕು, ಇಪ್ಪತ್ತು ಮೀಟರ್ ವಾಪಸು ಬರಬೇಕು, ಹತ್ತು ಸೆಕೆಂಡು ಸುಧಾರಿಸಿಕೊಂಡು ಮತ್ತೆ ಓಡಬೇಕು. ಬೀಪ್ ಸದ್ದು ಬರಬರುತ್ತ ಬೇಗಬೇಗ ಬರುತ್ತದೆ. ಫುಟ್‌ಬಾಲ್ ಆಟವೇ ಹಾಗೆ. ತೊಂಬತ್ತು ನಿಮಿಷದಲ್ಲಿ ಒಬ್ಬ ಆಟಗಾರ ಹತ್ತರಿಂದ ಹನ್ನೆರಡು ಕಿಲೋಮೀಟರ್ ಓಡುತ್ತಾನೆ, ಅದರಲ್ಲಿ ಬಿರುಸಿನ ಓಟ ಹತ್ತನೇ ಒಂದು ಪಾಲು. ಚೆಂಡು ಅವನ ಕಾಲಲ್ಲಿ ಇರುವುದು ಒಟ್ಟು ಒಂದೆರಡು ನಿಮಿಷ. ಉಳಿದದ್ದೆಲ್ಲ ಚೆಂಡಿಲ್ಲದ ಓಟ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ನಾವು ಅದನ್ನು ನೋಡುವುದೇ ಇಲ್ಲ.

ಈ ತರಬೇತಿಯಲ್ಲಿ ನನಗೆ ಅನಿರೀಕ್ಷಿತವಾಗಿ ಎದುರಾದದ್ದು ವಿಶ್ರಾಂತಿ. ವೃತ್ತಿಪರ ಆಟಗಾರನ ವಾರದಲ್ಲಿ ಓಟಕ್ಕೆ ಎಷ್ಟು ಲೆಕ್ಕವಿದೆಯೋ ನಿದ್ದೆಗೂ ಅಷ್ಟೇ ಲೆಕ್ಕವಿದೆ. ಪಂದ್ಯದ ಮರುದಿನ ಹಗುರ ವ್ಯಾಯಾಮ, ಆಮೇಲೆ ಬಿಡುವು, ಯಾವಾಗ ಏನು ತಿನ್ನಬೇಕು ಎಂಬ ಪಟ್ಟಿ, ಸ್ನಾಯು ನೋಡಿಕೊಳ್ಳಲು ಬೇರೆ ಜನ. ದೇಹ ಬಲವಾಗುವುದು ದಣಿದಾಗ ಅಲ್ಲ, ದಣಿದದ್ದನ್ನು ಸುಧಾರಿಸಿಕೊಳ್ಳುವಾಗ ಎಂಬುದು ಈ ಶಾಸ್ತ್ರದ ಮೊದಲ ಪಾಠ. ಇದನ್ನು ಮಾವನಿಗೆ ಹೇಳಿದೆ. ನೀವೂ ವಾರಕ್ಕೊಂದು ದಿನ ರಜಾ ತಗೊಳ್ಳಿ, ಮಂಡಿನೋವು ಇಳಿಯುತ್ತದೆ ಎಂದೆ.

"ಹಸ ರಜಾ ಕೊಟ್ಟದಾ?" ಎಂದರು.

ಈ ಮಾತಿನ ಮುಂದೆ ನನ್ನ ತರಬೇತಿಯ ಪಟ್ಟಿ ಸಣ್ಣದಾಯಿತು. ಸೈಕಲ್ಲು ಒಂದೇ ಬಗೆಯದು, ತುಳಿಯುವ ಕಾಲೂ ಒಂದೇ ಬಗೆಯದು. ನಾನು ತುಳಿದರೆ ಅದು ತರಬೇತಿ, ಅವರು ತುಳಿದರೆ ಅದು ಬದುಕು. ನನ್ನ ದಣಿವಿಗೆ ಶುರು ಉಂಟು, ಕೊನೆ ಉಂಟು, ಫೋಟೋ ಉಂಟು. ಅವರ ದಣಿವು ಮಂಡಿಯಲ್ಲಿ ಹೋಗಿ ಕೂತಿತು. ನಾನು ಆರಿಸಿಕೊಂಡ ನೋವಿಗೆ ಜನ ಮೆಚ್ಚಿ ಹಣ ಕೊಡುತ್ತಾರೆ, ಆರಿಸಿಕೊಳ್ಳದ ನೋವಿಗೆ ಕೊಡುವುದಿಲ್ಲ. ಇದೊಂದು ವಿಚಿತ್ರ ನ್ಯಾಯ.

ಇದು ನಮ್ಮೂರಿನ ವಿಚಿತ್ರವಷ್ಟೇ ಅಲ್ಲ. ಕ್ರಿಸ್ಟೋಫರ್ ಒಲಿವೋಲಾ ಮತ್ತು ಎಲ್ಡಾರ್ ಶಫೀರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಇದನ್ನೇ ಪರೀಕ್ಷಿಸಿತು. ಹಣ ಸಂಗ್ರಹಿಸುವ ಕಾರ್ಯಕ್ರಮ ಸುಖದ ಊಟಕೂಟವಾಗಿದ್ದಾಗ ಕೊಡಲು ಒಪ್ಪುವುದಕ್ಕಿಂತ, ಮೈ ದಂಡಿಸುವ ಓಟವಾಗಿದ್ದಾಗ ಜನ ಹೆಚ್ಚು ಕೊಡಲು ಒಪ್ಪುತ್ತಾರೆ. ಇದಕ್ಕೆ ಅವರು ಹುತಾತ್ಮ ಪರಿಣಾಮ ಎಂಬ ಅರ್ಥದ ಹೆಸರಿಟ್ಟರು. ಇನ್ನೊಂದು ಸ್ವಾರಸ್ಯವೂ ಅದರಲ್ಲಿದೆ. ಉದ್ದೇಶ ಉದ್ಯಾನವನದಂಥ ಸಂತೋಷದ್ದಾದರೆ ಈ ಪರಿಣಾಮ ಕುಗ್ಗುತ್ತದೆ, ಮನುಷ್ಯರ ಕಷ್ಟಕ್ಕೆ ಸಂಬಂಧಿಸಿದ್ದಾದರೆ ಹೆಚ್ಚುತ್ತದೆ. ಅಂದರೆ ಕಷ್ಟಕ್ಕೆ ಕಷ್ಟದಿಂದಲೇ ಉತ್ತರ ಕೊಡಬೇಕೆಂದು ನಮಗೆ ಒಳಗೆಲ್ಲೋ ಅನ್ನಿಸುತ್ತದೆ.

ನಮಗೆ ಇದನ್ನು ತಿಳಿಯಲು ಪ್ರಯೋಗ ಬೇಕಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದುಹೋಗುವವರನ್ನು ನೋಡಿ ಬೆಳೆದವರು ನಾವು. ಬಸ್ಸು ಇದೆ, ಆದರೂ ನಡೆಯುತ್ತಾರೆ. ಬಸ್ಸಿನಲ್ಲಿ ಹೋದರೆ ಮಾದಪ್ಪ ಬೇಡ ಎನ್ನುವುದಿಲ್ಲ, ಆದರೂ ಹರಕೆ ಹೊತ್ತವರಿಗೆ ಅದು ಸಾಲದು. ಉರುಳುಸೇವೆಯೂ ಹಾಗೆಯೇ. ಮೈಯನ್ನು ಕಾಯಿಸದೆ ಮನಸ್ಸು ನಿಜವಾಗುವುದಿಲ್ಲವೆಂಬ ನಂಬಿಕೆ ಬಹಳ ಹಳೆಯದು. ತಪಸ್ಸು ಎಂಬ ಮಾತಿನ ಬೇರಿನಲ್ಲಿರುವುದೇ ಕಾವು. ಗ್ರೀಕರಲ್ಲಿ ಆಸ್ಕೆಸಿಸ್ ಎಂದರೆ ಮೊದಲು ಅಭ್ಯಾಸ, ಕ್ರೀಡಾಪಟುವಿನ ತರಬೇತಿ. ಅದೇ ಮಾತು ಮುಂದೆ ವಿರಕ್ತರ ದೇಹದಂಡನೆಗೆ ಹೆಸರಾಯಿತು. ನಮ್ಮ ಸಾಧನೆ ಎಂಬ ಮಾತೂ ಗರಡಿಗೂ ಮಠಕ್ಕೂ ಒಟ್ಟಿಗೇ ಸಲ್ಲುತ್ತದೆ. ಆದ್ದರಿಂದ ಸೈಕಲ್ ತುಳಿದು ದಾನ ಕೂಡಿಸುವುದು ಹೊರಗಿನಿಂದ ಬಂದ ಪದ್ಧತಿಯಾದರೂ ನಮಗದು ಪರಕೀಯವೆನ್ನಿಸಲಿಲ್ಲ. ಅದು ಹರಕೆಯ ವೇಷದಲ್ಲೇ ಬಂತು.

ಆದರೆ ಹರಕೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಹರಕೆಯಲ್ಲಿ ನಡೆಯುವವನೂ ಅರ್ಪಿಸುವವನೂ ಒಬ್ಬನೇ. ಕಾಯಕ–ದಾಸೋಹದಲ್ಲೂ ಹಾಗೆಯೇ. ಹನ್ನೆರಡನೇ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೊತೆಯಲ್ಲಿಟ್ಟಾಗ ದುಡಿದ ಕೈಯೇ ನೀಡುವ ಕೈಯಾಗಬೇಕಿತ್ತು. ಬೆವರು ಮೊದಲು, ಅದರ ಫಲವೇ ನೀಡಿಕೆ. ನನ್ನ ಸೈಕಲ್ ಯಾತ್ರೆಯಲ್ಲಿ ಬೆವರು ಒಬ್ಬಳದ್ದು, ಹಣ ಇಪ್ಪತ್ಮೂರು ಜನರದ್ದು, ಫಲ ಇನ್ಯಾರದೋ. ಬೆವರಿನಿಂದ ಏನೂ ಬೆಳೆಯುವುದಿಲ್ಲ. ಗದ್ದೆ ನಾಟಿಯಾಗುವುದಿಲ್ಲ, ಹಾಲು ಡೇರಿ ಸೇರುವುದಿಲ್ಲ. ಬೆವರು ಇಲ್ಲಿ ಸಾಕ್ಷಿ ಮಾತ್ರ. ಇವಳು ಮೈ ಬಗ್ಗಿಸುತ್ತಿದ್ದಾಳೆಂದರೆ ವಿಷಯ ನಿಜವಿರಬೇಕು, ಹಣ ತಿನ್ನುವವಳಲ್ಲ ಎಂದು ಕೊಡುವವರಿಗೆ ಧೈರ್ಯ ಬರಲಿಕ್ಕೆ. ಇದು ಕಡಿಮೆ ಕೆಲಸವೇನಲ್ಲ. ನಂಬಿಕೆ ಹುಟ್ಟಿಸುವುದೂ ಒಂದು ದುಡಿಮೆಯೇ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ.

ಆ ಸಮಾಧಾನ ಯಾತ್ರೆಯ ದಿನದವರೆಗೆ ಬಾಳಿತು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ಮಾನಂದವಾಡಿ ರಸ್ತೆ, ಜಯಪುರ, ಹಂಪಾಪುರ, ಹ್ಯಾಂಡ್‌ಪೋಸ್ಟ್. ಮಂಜಿನಲ್ಲಿ ರಾಗಿ ಕೊಯ್ಲಾದ ಹೊಲಗಳು, ಎದುರಿಗೆ ಹಾಲಿನ ಕ್ಯಾನು ಹೊತ್ತ ಬೈಕುಗಳು. ಹೋಗುವ ದಾರಿ ಸಲೀಸಾಗಿತ್ತು. ಒಂಬತ್ತೂವರೆಗೆ ಅಣೆಕಟ್ಟೆಯ ಹತ್ತಿರ ನಿಂತು ಫೋಟೋ ತೆಗೆಸಿಕೊಂಡೆವು. ಮಾವ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದಿದ್ದರು. ನನ್ನ ಹೆಲ್ಮೆಟ್ಟು ನೋಡಿ ನಕ್ಕರು, ಟೈರು ಒತ್ತಿ ನೋಡಿದರು, "ಬಿಸ್ಲು ಏರೋದ್ರೊಳಗೆ ಹೊರ್ಡವ್ವ" ಎಂದರು. ನಾವು ಹೊರಟದ್ದು ಬಿಸಿಲೇರಿದ ಮೇಲೆ. ಹ್ಯಾಂಡ್‌ಪೋಸ್ಟ್ ದಾಟಿ ಸ್ವಲ್ಪ ದೂರಕ್ಕೆ ನನ್ನ ಬಲಗಾಲಿನ ಮೀನಖಂಡ ಗಂಟು ಕಟ್ಟಿತು. ಇಳಿದೆ, ನೀವಿದೆ, ಉಪ್ಪು-ಸಕ್ಕರೆ ನೀರು ಕುಡಿದೆ, ಮತ್ತೆ ಹತ್ತಿದೆ. ನೂರು ಗಜ ಹೋಗುವುದರೊಳಗೆ ಎಡಗಾಲೂ ಹಿಡಿಯಿತು. ಜೊತೆಯವರು ಮುಂದೆ ಹೋಗಿದ್ದರು. ಮೀಟರು 83 ತೋರಿಸುತ್ತಿತ್ತು.

ಗೂಡ್ಸ್ ಆಟೋದವರೊಬ್ಬರು ನಿಲ್ಲಿಸಿ, "ಹಂಪಾಪುರದ ಗಂಟ ಬುಟ್ಬುಡ್ತೀನಿ, ಸೈಕಲ್ ಹಿಂದಕ್ಕೆ ಹಾಕಿ ಮೇಡಂ" ಎಂದರು. ಹಂಪಾಪುರದಲ್ಲಿ ಇಳಿದು ಸುಧಾರಿಸಿಕೊಂಡು ಮತ್ತೆ ತುಳಿದರೆ ನಡುವಿನ ಕೆಲವು ಕಿಲೋಮೀಟರುಗಳ ವಿಷಯ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಕೆಲವು ನಿಮಿಷ ನಾನು ಓದಿದ ನೀತಿಶಾಸ್ತ್ರವೆಲ್ಲ ರಸ್ತೆ ಬದಿಯಲ್ಲಿ ನನ್ನ ಪಕ್ಕ ಕೂತಿತ್ತು. ನಾನು ಸುಳ್ಳು ಹೇಳಿದರೆ ಯಾರಿಗೆ ನಷ್ಟ? ಮಕ್ಕಳಿಗೆ ಲಾಭವೇ. ಸತ್ಯ ಹೇಳಿದರೆ ಯಾರಿಗೆ ಲಾಭ? ನನ್ನ ಆತ್ಮಗೌರವಕ್ಕೆ. ಅದರ ಬೆಲೆ ತೆರುವವರು ಮಕ್ಕಳು. ಪರಿಣಾಮವನ್ನಷ್ಟೇ ನೋಡುವವರು ಸುಳ್ಳು ಹೇಳು ಎಂದಾರು, ಕಾಂಟ್ ಎಂದಿಗೂ ಬೇಡ ಎನ್ನುತ್ತಾರೆ. ನಾನು ಕಾಂಟರ ಮಾತು ಕೇಳಿದೆನೆಂದು ಹೇಳಿಕೊಳ್ಳುವಂತಿಲ್ಲ. ಕಾಲು ಪೂರ್ತಿ ಸೋತಿತ್ತು. ಜೊತೆಯವರಿಗೆ ಫೋನ್ ಮಾಡಿದೆ, ವ್ಯಾನು ಬಂತು. ರಾತ್ರಿ ಇಪ್ಪತ್ಮೂರು ಜನರಿಗೂ ಒಂದೇ ಸಂದೇಶ ಕಳಿಸಿದೆ: 83 ಕಿ.ಮೀ. ತುಳಿದೆ, 37 ಆಗಲಿಲ್ಲ.

ಒಟ್ಟು ಲೆಕ್ಕ ಕಿಲೋಮೀಟರಿಗೆ 260 ರೂಪಾಯಿ. ಪೂರ್ತಿಯಾಗಿದ್ದರೆ 31,200 ಆಗುತ್ತಿತ್ತು. ಒಂಬತ್ತು ಜನ ಪೂರ್ತಿ 120ರ ಹಣವನ್ನೇ ಕಳಿಸಿದರು. ಹದಿನಾಲ್ಕು ಜನ 83ಕ್ಕೆ ಲೆಕ್ಕ ಹಾಕಿ ಕಳಿಸಿದರು. ಪೂರ್ತಿ ಕೊಟ್ಟ ಮೇಷ್ಟರೊಬ್ಬರು, "ನಾನು ಕೊಟ್ಟದ್ದು ಮಕ್ಕಳಿಗೆ ಕಣಮ್ಮ, ನಿನ್ನ ಕಾಲಿಗಲ್ಲ" ಎಂದರು. 83ಕ್ಕೆ ಕೊಟ್ಟ ಗೆಳೆಯನನ್ನು ಸ್ವಲ್ಪ ಬೇಸರದಿಂದಲೇ ಕೇಳಿದೆ. ಅವನು, "ನೀನೇ ಅಲ್ವಾ ಕಿಲೋಮೀಟರ್ ಲೆಕ್ಕ ಹೇಳಿದ್ದು? ಮಾತಿಗೆ ತಪ್ಪಲಿಲ್ಲ ನಾನು" ಎಂದ. ಯೋಚಿಸಿ ನೋಡಿದರೆ ಅವನದು ತಪ್ಪೇ ಅಲ್ಲ. ತಪ್ಪು ನಾನು ಹಾಕಿಕೊಟ್ಟ ಲೆಕ್ಕದ್ದು. ಮಕ್ಕಳ ಪಾಠವನ್ನು ನನ್ನ ಮೀನಖಂಡಕ್ಕೆ ಕಟ್ಟಿದವಳು ನಾನು. ಒಂದು ಸ್ನಾಯು ಸೆಳೆದರೆ ಸ್ಲೇಟು, ಪುಸ್ತಕ, ಸಂಜೆಯ ತಿಂಡಿ ಕಡಿಮೆಯಾಗುವಂಥ ಕಟ್ಟು ಅದು. ಹಾಡಿಯ ಮಕ್ಕಳು ನನ್ನೊಡನೆ ಅಂಥ ಒಪ್ಪಂದವನ್ನೇನೂ ಮಾಡಿಕೊಂಡಿರಲಿಲ್ಲ.

ಕೊರತೆಯಾದದ್ದು 5,550 ರೂಪಾಯಿ. ಅದನ್ನು ನನ್ನ ಫೆಲೋಶಿಪ್ಪಿನಿಂದ ತುಂಬಿದೆ. ತುಂಬಿದ ಕ್ಷಣದಲ್ಲೇ ಮಾವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಸುಮ್ಮನೆ ಕೊಡಬಹುದಿತ್ತು. ಫೋನಿನಲ್ಲಿ ಬೆರಳಾಡಿಸುವುದಕ್ಕೆ ಹತ್ತು ಸೆಕೆಂಡು ಹಿಡಿಯಿತು, ಕಾಲು ಬೇಕಾಗಲಿಲ್ಲ. ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್ 1972ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಕೊಳದಲ್ಲಿ ಮುಳುಗುತ್ತಿರುವ ಮಗುವಿನ ಉದಾಹರಣೆ ಬರುತ್ತದೆ. ಬಟ್ಟೆ ಕೊಳೆಯಾದರೂ ಇಳಿದು ಎತ್ತಬೇಕಾದ್ದು ಕರ್ತವ್ಯ, ಮಗು ಕಣ್ಣೆದುರು ಇರಲಿ ದೂರದಲ್ಲಿರಲಿ ಒಂದೇ ಎನ್ನುವುದು ಅವರ ವಾದ. ಅಲ್ಲಿ ಯಾರೂ, ನೀನು ಮೊದಲು ದಡದಲ್ಲಿ ಹತ್ತು ಸುತ್ತು ಓಡು, ಸುತ್ತಿಗೊಂದು ಅಡಿಯಂತೆ ಮಗುವನ್ನು ಎತ್ತುತ್ತೇವೆ ಎನ್ನುವುದಿಲ್ಲ.

ಮುಳುಗಡೆಯ ಮಾತು ಬಂದಿತು. ನಾವು ನಿಂತು ಫೋಟೋ ತೆಗೆಸಿಕೊಂಡ ಕಬಿನಿ ಅಣೆಕಟ್ಟೆ ಪೂರ್ತಿಯಾದದ್ದು 1974ರಲ್ಲಿ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಅಚ್ಚು ಹಾಕುವ ಗರಿಷ್ಠ ಮಟ್ಟ 2,284 ಅಡಿ. ಆ ನೀರಿನ ಕೆಳಗೆ ಹಲವು ಹಳ್ಳಿಗಳಿವೆ, ನನ್ನ ಅಜ್ಜಿಯ ತವರೂರು ಅವುಗಳಲ್ಲಿ ಒಂದು. ಹಿನ್ನೀರೂ ನಾಗರಹೊಳೆ, ಬಂಡೀಪುರ ಕಾಡುಗಳ ಸಂರಕ್ಷಣೆಯೂ ಸೇರಿ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳನ್ನು ಕಾಡಿನ ಒಳಗಿನಿಂದ ಅಂಚಿಗೆ ತಂದು ಬಿಟ್ಟವು. ನಾವು ಹಣ ಕೂಡಿಸಿದ್ದು ಆ ಅಂಚಿನ ಹಾಡಿಯೊಂದರ ಮಕ್ಕಳಿಗೆ. ಕಬಿನಿಯ ನೀರು ಮೈಸೂರಿಗೂ ಬರುತ್ತದೆ. ಯಾತ್ರೆಯ ಬೆಳಿಗ್ಗೆ ನಾನು ಬಾಟಲಿಗೆ ತುಂಬಿಕೊಂಡ ನಲ್ಲಿನೀರಿನಲ್ಲೂ ಅದು ಬೆರೆತಿದ್ದಿರಬಹುದು. ಅದನ್ನು ಕುಡಿದು, ಅದರ ದಂಡೆಗೆ ಹೋಗಿ, ದಾನದ ಹೆಸರಿನ ಬ್ಯಾನರು ಹಿಡಿದು ನಿಂತಿದ್ದೆವು.

ಕನ್ನಡದಲ್ಲಿ ದಾನ ಮಾಡುತ್ತೇವೆ, ಋಣ ತೀರಿಸುತ್ತೇವೆ, ಹರಕೆಯನ್ನೂ ತೀರಿಸುತ್ತೇವೆ. ಮಾಡುವುದು ನಮ್ಮಿಷ್ಟ, ತೀರಿಸುವುದು ನಮ್ಮಿಷ್ಟವಲ್ಲ. ಸಾಲಗಾರನೊಬ್ಬ ಸಾಲ ಕೊಟ್ಟವನ ಬಳಿ ಹೋಗಿ, ನಾನು ಸೈಕಲ್ ತುಳಿಯುತ್ತೇನೆ, ತುಳಿದಷ್ಟಕ್ಕೆ ಹಣ ಕೊಡುತ್ತೇನೆ ಎಂದರೆ ನಗೆಪಾಟಲಾಗುತ್ತದೆ. ನನ್ನ ಲೆಕ್ಕ ತಪ್ಪಿದ್ದು ಇಲ್ಲಿಯೇ ಎಂದು ಈಗ ತೋರುತ್ತದೆ. ತೀರಿಸಬೇಕಾದ್ದನ್ನು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಹಾಗಾದರೆ ಬೆವರಿಗೆ ಅರ್ಥವೇ ಇಲ್ಲವೇ? ಇದೆ ಎಂದು ತಿಳಿದದ್ದು ಆಮೇಲಿನ ನಾಲ್ಕು ತಿಂಗಳಲ್ಲಿ. ಸುಮ್ಮನೆ ಕೊಡುವುದೇ ಸರಿಯೆಂದು ನಿರ್ಧರಿಸಿ, ಪ್ರತಿ ತಿಂಗಳು ಐನೂರು ರೂಪಾಯಿ ಆ ಪಾಠಕ್ಕೆ ಕಳಿಸುವುದೆಂದು ಮಾಡಿಕೊಂಡೆ. ಜನವರಿ, ಫೆಬ್ರುವರಿ ಕಳಿಸಿದೆ. ಮಾರ್ಚಿನಲ್ಲಿ ಮರೆತೆ. ಮರೆತದ್ದು ಗೊತ್ತಾದದ್ದೂ ಏಪ್ರಿಲಿನಲ್ಲಿ. ಮೂರು ತಿಂಗಳು ದಿನವೂ ಕಾಲು ನೋಯಿಸಿಕೊಂಡಾಗ ಆ ಮಕ್ಕಳನ್ನು ಒಂದು ದಿನವೂ ಮರೆತಿರಲಿಲ್ಲ. ನೋವಿಲ್ಲದ ನೀಡಿಕೆ ಎಷ್ಟು ಸುಲಭವೋ ಅಷ್ಟೇ ಸುಲಭವಾಗಿ ಜಾರಿಹೋಯಿತು. ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವವರಿಗೆ ಇದು ಗೊತ್ತಿದೆ ಅನ್ನಿಸುತ್ತದೆ. ನಡಿಗೆ ದೇವರಿಗಾಗಿ ಅಲ್ಲದಿರಬಹುದು, ನಡೆಯುವವನು ಮರೆಯದಿರಲಿಕ್ಕಾಗಿ.

ಇಲ್ಲಿ ಫುಟ್‌ಬಾಲಿನವರಿಂದ ಕಲಿಯಬೇಕಾದ್ದನ್ನು ನಾನು ತಪ್ಪಾಗಿ ಕಲಿತಿದ್ದೆ. ಅವರಿಂದ ಕಾಲಿನ ಬಲ ಎರವಲು ತಂದೆ, ವಾರದ ಲೆಕ್ಕ ತರಲಿಲ್ಲ. ಪಂದ್ಯ ಒಂದು ದಿನದ್ದು. ಅದರ ಹಿಂದೆ ಯಾರೂ ಟಿಕೆಟ್ ಕೊಂಡು ನೋಡದ ಆರು ದಿನಗಳಿರುತ್ತವೆ. ಅರಿಸ್ಟಾಟಲ್ ಸದ್ಗುಣವನ್ನು ಅಭ್ಯಾಸದ ಫಲವೆಂದಾಗ ಅವರ ಮನಸ್ಸಿನಲ್ಲಿದ್ದದ್ದೂ ಇದೇ ಬಗೆಯದು. ಉದಾರ ಕೆಲಸಗಳನ್ನು ಮಾಡುತ್ತ ಮಾಡುತ್ತ ಮನುಷ್ಯ ಉದಾರಿಯಾಗುತ್ತಾನೆ, ಒಮ್ಮೆ ಮಾಡಿ ಅಲ್ಲ. 1984ರಲ್ಲಿ ಮೈಸೂರಿನ ಕೆಲವು ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೇ ಸೀಮೆಗೆ ಬಂದು, ಸರಗೂರಿನಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ಕಟ್ಟಿತು. ಅವರು ಬಂದು ಹೋಗಲಿಲ್ಲ, ಬಂದು ಉಳಿದರು. ನನ್ನದು ಅಷ್ಟು ದೊಡ್ಡ ಬದುಕಲ್ಲ. ಆದರೆ ತಿಂಗಳಿಗೊಮ್ಮೆ ನೆನಪಿಟ್ಟುಕೊಳ್ಳುವುದು ನನ್ನ ಶಕ್ತಿಯ ಒಳಗಿನದು.

ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ತಿಂಗಳ ಮೊದಲ ಭಾನುವಾರ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತುತ್ತೇನೆ. ಹತ್ತುವ ಮುಂಚೆ, ತಪ್ಪಲಿನಲ್ಲೇ, ಹಣ ಕಳಿಸುತ್ತೇನೆ. ಮೇಲಕ್ಕೆ ಹೋಗಲಿ, ಅರ್ಧಕ್ಕೆ ಇಳಿಯಲಿ, ಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಲು ನೆನಪಿಸುತ್ತದೆ, ಅಷ್ಟೇ ಅದರ ಕೆಲಸ. ಏಪ್ರಿಲಿನಿಂದ ಈವರೆಗೆ ತಪ್ಪಿಲ್ಲ. ಮುಂದೆ ತಪ್ಪುವುದಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಮೊನ್ನೆ ಊರಿಗೆ ಹೋದಾಗ ಮಾವನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದರು. "ಬೆಟ್ಟ ಹತ್ತೋಕೆ ಮುಂಚೆನೇ ಕಳಿಸ್ಬುಡ್ತೀಯಾ? ಅದು ಸರಿ" ಎಂದರು. ಆಮೇಲೆ ಕೊಟ್ಟಿಗೆಯ ಕಡೆ ನೋಡಿ ಎದ್ದರು, ಹಾಲು ಕರೆಯುವ ಹೊತ್ತಾಗಿತ್ತು. ಆ ಸಂಜೆ ಕ್ಯಾನನ್ನು ನಾನೇ ಸೈಕಲ್ಲಿಗೆ ಕಟ್ಟಿಕೊಂಡು ಡೇರಿಗೆ ಹೋದೆ. ಕ್ಯಾನಿನ ಭಾರಕ್ಕೆ ಹ್ಯಾಂಡಲ್ಲು ಹೇಗೆ ಎಳೆಯುತ್ತದೆಂದು ಅಂದೇ ಗೊತ್ತಾದದ್ದು. ಯಾವ ತರಬೇತಿಯಲ್ಲೂ ಅದನ್ನು ಹೇಳಿಕೊಟ್ಟಿರಲಿಲ್ಲ.